ಪ್ರಮೋಷನ್ ಬೇಡ ಅಂದವರ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಬ್ಯಾಂಕಿನ ಕೌಂಟರಿನಲ್ಲಿ ಕೂರುವ ಹೆಣ್ಣುಮಕ್ಕಳನ್ನು ನೀವು ನೋಡೇ ಇರುತ್ತೀರಿ. ಹತ್ತು, ಹದಿನೈದು ವರ್ಷ ಸರ್ವೀಸ್ ಆಗಿರುತ್ತದೆ. ಸಂಜೆ ಕ್ಯಾಶ್ ಟ್ಯಾಲಿ ಆಗದಿದ್ದರೆ ಮ್ಯಾನೇಜರ್ ಮೊದಲು ಕರೆಯುವುದು ಇಂಥವರನ್ನೇ. ಆದರೂ ಆಫೀಸರ್ ಪ್ರಮೋಷನ್‌ಗೆ ಸರ್ಕ್ಯುಲರ್ ಬಂದಾಗ ಎಷ್ಟೋ ಜನ ಅರ್ಜಿ ಹಾಕದೆ ಸುಮ್ನೆ ಇದ್ದುಬಿಡುತ್ತಾರೆ.

ಯಾಕೆ ಅಂದರೆ, ಪ್ರಮೋಷನ್ ಹಿಂದೆಯೇ ಟ್ರಾನ್ಸ್‌ಫರ್ ಬರುತ್ತದೆ. ಮೈಸೂರಿನವರಿಗೆ ಬೀದರ್ ಸಿಗಬಹುದು, ಹೊರರಾಜ್ಯವೂ ಸಿಗಬಹುದು. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಅತ್ತೆಗೆ ಶುಗರ್, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಗಂಡನ ಕೆಲಸ ಇದೇ ಊರಲ್ಲಿ. ಎಲ್ಲ ಲೆಕ್ಕ ಹಾಕಿ "ಬೇಡ ಬಿಡಿ" ಅಂತಾರೆ. ಪಕ್ಕದ ಕೌಂಟರಿನ ಗಂಡಸಿಗೆ ಪ್ರಮೋಷನ್ ಬಂದರೆ ಅವರ ಮನೆಯಲ್ಲಿ ಪಾಯಸ. ಅವರು ಊರು ಬಿಟ್ಟರೂ ಮನೆ ನಡೆಸುವವಳು ಒಬ್ಬಳು ಇರುತ್ತಾಳೆ, ಅಲ್ವಾ?

"ಅವರಿಗೇ ಮುಂದೆ ಬರೋ ಆಸೆ ಇಲ್ಲ" ಅಂದರೆ ನನಗೆ ಸಿಟ್ಟು ಬರುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ದೇಶದ ಜನ ಹೊತ್ತು ಕಳೆಯುವುದು ಹೇಗೆ ಅಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಅದೂ ಮನೆಗೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ. ಅಂಥವರು ನಾಲ್ವರಲ್ಲಿ ಒಬ್ಬರು!

ಕಾನೂನು ಸ್ವಲ್ಪ ಜೊತೆಗಿದೆ. ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ. 50 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಒಳ್ಳೆಯದೇ. ಆದರೆ ಪ್ರಮೋಷನ್ ಬರುವ ಹೊತ್ತಿಗೆ ಮಗು ಹೈಸ್ಕೂಲಿನಲ್ಲಿರುತ್ತದೆ, ಹಿರಿಯರು ಹಾಸಿಗೆ ಹಿಡಿದಿರುತ್ತಾರೆ. ಆ ವರ್ಷಗಳಿಗೆ ಈ ಕಾನೂನಿನಲ್ಲಿ ಏನೂ ಇಲ್ಲ.

ಮದುವೆಯಾದ ಹೆಣ್ಣುಮಕ್ಕಳಿಗೆ ಆದಷ್ಟೂ ಗಂಡ ಕೆಲಸ ಮಾಡುವ ಊರಲ್ಲಿ ಅಥವಾ ಅದರ ಹತ್ತಿರ ಜಾಗ ಕೊಡಿ ಅಂತ 2014ರಲ್ಲಿ ಸರ್ಕಾರಿ ಬ್ಯಾಂಕುಗಳಿಗೆ ಸೂಚನೆ ಹೋಯಿತು. ಅದರಿಂದ ಅನುಕೂಲ ಆದವರಿದ್ದಾರೆ. ಆದರೆ ಹೆಂಡತಿಯ ಪೋಸ್ಟಿಂಗ್ ನೋಡಿ ತಾನೇ ಟ್ರಾನ್ಸ್‌ಫರ್ ಕೇಳಿಕೊಂಡ ಗಂಡಂದಿರು ಎಷ್ಟು ಜನ?

ಈಗ ಕೇಳುತ್ತಿರುವ ಗಂಡಸರಲ್ಲಿ ಒಂದು ಮಾತು. ಮುಂದಿನ ಸರ್ಕ್ಯುಲರ್ ಬಂದ ದಿನ "ಅರ್ಜಿ ಹಾಕು, ಎರಡು ವರ್ಷ ಮನೆ ನಾನು ನೋಡ್ಕೋತೀನಿ" ಅಂತ ನೀವೇ ಮೊದಲು ಹೇಳಿ. ಪರೀಕ್ಷೆ, ಇಂಟರ್‌ವ್ಯೂ, ಪೋಸ್ಟಿಂಗ್ ಎಲ್ಲ ಮುಗಿಯಲು ತಿಂಗಳುಗಳು ಬೇಕು. ಅನ್ನ, ಸಾರು, ಅಮ್ಮನ ಮಾತ್ರೆಯ ಹೊತ್ತು ಕಲಿಯಲು ಅಷ್ಟು ಸಮಯ ಸಾಕು.