ಇನ್ನೊಂದು ಲೋಕಕ್ಕೆ ಹೋದವನು ಮೊದಲ ವಾರ ಏನು ಮಾಡುತ್ತಾನೆ?

ಕೇಳುಗರಿಗೆ ನಮಸ್ಕಾರ.

ನಮ್ಮ ನಿಮ್ಮಂಥ ಒಬ್ಬ ಮನುಷ್ಯ ಇದ್ದಕ್ಕಿದ್ದಂತೆ ಬೇರೊಂದು ಲೋಕದಲ್ಲಿ ಕಣ್ಣು ಬಿಡುವ ಕತೆಗಳಿಗೆ ಜಪಾನಿನಲ್ಲಿ ಇಸೆಕಾಯ್ ಎನ್ನುತ್ತಾರೆ. 2004ರಲ್ಲಿ ಅಲ್ಲಿ ಶುರುವಾದ ‘ಶೋಸೆತ್ಸುಕಾ ನಿ ನರೋ’ ಜಾಲತಾಣದಲ್ಲಿ ಹವ್ಯಾಸಿಗಳು ಕಂತುಕಂತಾಗಿ ಬರೆದ ಇಂಥ ಎಷ್ಟೋ ಕತೆಗಳು ಮುಂದೆ ಪುಸ್ತಕಗಳಾದವು, ಮಾಂಗಾ ಎಂಬ ಚಿತ್ರಕತೆಗಳಾದವು, ಆನಿಮೆ ಎಂಬ ಕಾರ್ಟೂನ್ ಧಾರಾವಾಹಿಗಳಾದವು. ಕನ್ನಡದಲ್ಲಿ ಇಂಥದ್ದನ್ನು ಬರೆಯಬೇಕೆಂದಿರುವವರಿಗೆ ಇವತ್ತಿನ ಮಾತು.

ಲೋಕ ದಾಟುವ ಪ್ರಸಂಗವನ್ನು ಒಂದು ಪುಟದಲ್ಲಿ ಮುಗಿಸಿ. ಓದುಗ ಅದನ್ನು ಒಪ್ಪಿಕೊಂಡೇ ಪುಸ್ತಕ ತೆರೆದಿರುತ್ತಾನೆ. ಅವನು ಅನುಮಾನಪಡುವುದು ಆಮೇಲಿನದರ ಬಗ್ಗೆ.

ಮೊದಲು ದೇಹದಿಂದ ಶುರುಮಾಡಿ. ನಾಯಕಿಯ ಕನ್ನಡಕದ ಪವರ್ ಮೈನಸ್ ಐದು ಅಂದುಕೊಳ್ಳಿ. ಕನ್ನಡಕ ಒಡೆದರೆ ಅವಳಿಗೆ ಸ್ಪಷ್ಟವಾಗಿ ಕಾಣುವುದು ಮುಖದಿಂದ 20 ಸೆಂಟಿಮೀಟರಿನವರೆಗೆ ಮಾತ್ರ. ಎದುರಿಗೆ ಬರುತ್ತಿರುವವನು ಕೈಯಲ್ಲಿ ಹಿಡಿದದ್ದು ಕೋಲೋ ಕತ್ತಿಯೋ ಗೊತ್ತಾಗುವುದಿಲ್ಲ. ಯಾವ ರಾಕ್ಷಸನೂ ಇಲ್ಲದೆ ಒಂದು ಅಧ್ಯಾಯಕ್ಕೆ ಬೇಕಾದಷ್ಟು ಭಯ ಇದರಲ್ಲೇ ಇದೆ.

ಹೆಚ್ಚಿನ ಹಸ್ತಪ್ರತಿಗಳು ಸೋಲುವುದು ನಾಯಕನ ಜಾಣತನದಲ್ಲಿ. ನಮ್ಮ ವಿಜ್ಞಾನ ತನಗೆ ಗೊತ್ತು ಎಂದು ಅವನು ಎರಡೇ ದಿನದಲ್ಲಿ ಸೋಪು ಮಾಡಿ ಶ್ರೀಮಂತನಾಗುತ್ತಾನೆ. ನಿಜವಾಗಿ ಮಾಡಲು ಹೊರಟರೆ ಏನಾಗುತ್ತದೆ ನೋಡಿ. ಗಟ್ಟಿಮರದ ಬೂದಿಗೆ ನೀರು ಹಾಕಿ ಸೋಸಿದರೆ ಕ್ಷಾರದ ನೀರು ಸಿಗುತ್ತದೆ, ಅದನ್ನು ಕೊಬ್ಬಿನ ಜೊತೆ ಕುದಿಸಿದರೆ ಸೋಪು. ಆ ನೀರು ತೆಳುವಾದರೆ ಕೊಬ್ಬು ಜಿಡ್ಡಾಗಿಯೇ ಉಳಿಯುತ್ತದೆ, ಖಾರವಾದರೆ ಚರ್ಮ ಸುಡುತ್ತದೆ. ಹದ ನೋಡಲು ಹಿಂದಿನವರು ಅದರಲ್ಲಿ ಮೊಟ್ಟೆ ತೇಲಿಬಿಡುತ್ತಿದ್ದರು. ಮುಳುಗಿದರೆ ನೀರನ್ನು ಇನ್ನೂ ಕುದಿಸಿ ಬತ್ತಿಸಬೇಕು. ಎಲ್ಲ ಸರಿಹೋದರೂ ಬೂದಿಯಲ್ಲಿರುವುದು ಹೆಚ್ಚಾಗಿ ಪೊಟ್ಯಾಶ್, ಹಾಗಾಗಿ ಕೈಗೆ ಬರುವುದು ಲೋಳೆಯಂಥ ಮೆದು ಸೋಪು. ಅದನ್ನು ಗಟ್ಟಿ ಮಾಡಲು ಉಪ್ಪು ಬೇಕು. ಆ ಊರಿನಲ್ಲಿ ಉಪ್ಪಿನ ಬೆಲೆ ಎಷ್ಟು? ಕೊಬ್ಬು ಕೊಡುವವರು ಯಾರು? ಆ ಕೊಬ್ಬಿನಲ್ಲೇ ದೀಪ ಉರಿಸಿ ಅಡುಗೆ ಮಾಡುವ ಹೆಂಗಸು ಅವನಿಗೆ ಯಾಕೆ ಕೊಡಬೇಕು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹೋದರೆ ವ್ಯಾಪಾರಿ ಬರುತ್ತಾನೆ, ಸಾಲ ಬರುತ್ತದೆ, ಜಗಳ ಬರುತ್ತದೆ. ಆ ಲೋಕಕ್ಕೆ ಜೀವ ಬರುವುದು ಇಲ್ಲೇ, ನಕ್ಷೆ ಬರೆದಾಗಲ್ಲ.

ಭಾಷೆಯ ತೊಡಕನ್ನು ಮಂತ್ರದಿಂದ ಬಗೆಹರಿಸಿದರೂ ತಪ್ಪಿಲ್ಲ. ಆದರೆ ಆ ಮಂತ್ರ ಅಕ್ಷರ ಓದಲೂ ಬರುವಂತೆ ಮಾಡುತ್ತದೋ ಇಲ್ಲವೋ ಮೊದಲೇ ತೀರ್ಮಾನಿಸಿ. ಓದಲು ಬಾರದವನು ಕರಾರುಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕಾಗುತ್ತದೆ. ನಾಯಕನಿಗೆ ವಿಶೇಷ ಶಕ್ತಿ ಕೊಡುವುದಾದರೆ ಅದಕ್ಕೊಂದು ಬೆಲೆಯನ್ನೂ ಇಡಿ, ನಿದ್ದೆಯೋ, ನೆನಪೋ, ಆಯಸ್ಸೋ. ಬೆಲೆಯಿಲ್ಲದ ಶಕ್ತಿ ಇದ್ದರೆ ಐದನೇ ಅಧ್ಯಾಯದ ಹೊತ್ತಿಗೆ ಅವನಿಗೆ ಅಂಜಿಕೆ ಹುಟ್ಟಿಸುವಂಥದ್ದು ಏನೂ ಉಳಿದಿರುವುದಿಲ್ಲ.

ಕೊನೆಯದು ಕಾಲದ ಲೆಕ್ಕ. ಅಲ್ಲಿನ ಒಂದು ದಿನ ಇಲ್ಲಿನ ಒಂದು ಗಂಟೆ ಎಂದಿಟ್ಟುಕೊಂಡರೆ, ಅಲ್ಲಿ ಒಂದು ವರ್ಷ ಕಳೆದಾಗ ಇಲ್ಲಿ 15 ದಿನ ದಾಟಿರುತ್ತದೆ. ಅಷ್ಟರೊಳಗೆ ಮನೆಯವರು ಪೊಲೀಸರಿಗೆ ದೂರು ಕೊಟ್ಟಿರುತ್ತಾರೆ, ತಾಯಿ ಆಸ್ಪತ್ರೆಗಳನ್ನೆಲ್ಲ ಸುತ್ತಿರುತ್ತಾಳೆ. ಮರಳುವ ದಾರಿ ಇದೆಯೋ ಇಲ್ಲವೋ ಎಂಬುದರ ಜೊತೆಗೆ ಈ ಲೆಕ್ಕವನ್ನೂ ಮೊದಲ ಅಧ್ಯಾಯಕ್ಕೆ ಮುಂಚೆಯೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಹತ್ತನೇ ಕಂತು ಪ್ರಕಟವಾದ ಮೇಲೆ ಅದನ್ನು ತಿದ್ದಲು ಬರುವುದಿಲ್ಲ.

ನಮಸ್ಕಾರ.