ಲ್ಯಾಟಿನ್ ಪೂಜೆಗೆ ಯಾಕಿಷ್ಟು ಜಗಳ?

[ದೃಶ್ಯ: ಸಂತ ಪೇತ್ರರ ಬಸಿಲಿಕಾ, ಸಾಲಾಗಿ ಒಳಗೆ ಬರುತ್ತಿರುವ ಪಾದ್ರಿಗಳು, ಧೂಪದ ಹೊಗೆ]

ಎಲ್ಲರಿಗೂ ನಮಸ್ಕಾರ. 2025ರ ಅಕ್ಟೋಬರ್ 25ರಂದು ವ್ಯಾಟಿಕನ್‌ನ ಸಂತ ಪೇತ್ರರ ಬಸಿಲಿಕಾದಲ್ಲಿ ಅಮೆರಿಕದ ಕಾರ್ಡಿನಲ್ (ಪೋಪ್ ನಂತರದ ಹಿರಿಯ ಧರ್ಮಾಧಿಕಾರಿ) ರೇಮಂಡ್ ಬರ್ಕ್ ಹಳೇ ಕ್ರಮದ ಲ್ಯಾಟಿನ್ ಬಲಿಪೂಜೆ, ಅಂದರೆ ಮಾಸ್, ಅರ್ಪಿಸಿದರು. ಸಾವಿರಾರು ಜನ ಸೇರಿದ್ದರು. ಹಳೇ ಪೂಜೆಯ ಪರವಾಗಿರುವವರು ವರ್ಷಾವರ್ಷ ರೋಮ್‌ಗೆ ಮಾಡುವ ಯಾತ್ರೆ ಅದು. ಹಿಂದಿನ ಎರಡು ವರ್ಷ ಇದೇ ಯಾತ್ರೆಯವರಿಗೆ ಅಲ್ಲಿ ಈ ಪೂಜೆಗೆ ಅವಕಾಶ ಸಿಕ್ಕಿರಲಿಲ್ಲ. ಈ ಸಲ ಪೋಪ್ 14ನೇ ಲಿಯೋ ಒಪ್ಪಿಗೆ ಕೊಟ್ಟರು.

ಕಾರ್ಡಿನಲ್ ಒಬ್ಬರು ಪೂಜೆ ಮಾಡೋಕೆ ಪರ್ಮಿಷನ್ ಬೇಕಾ? ಅದೂ ನಾಲ್ಕು ನೂರು ವರ್ಷ ಜಗತ್ತಿನ ಬಹುತೇಕ ಕಥೋಲಿಕ ಚರ್ಚ್‌ಗಳಲ್ಲಿ ದಿನಾ ನಡೆಯುತ್ತಿದ್ದ ಪೂಜೆಗೆ? ಹೌದು, ಈಗ ಬೇಕು. ಅದು ಹೇಗಾಯ್ತು ಅಂತ ನೋಡೋಣ.

ಮೊದಲು ಒಂದು ಮಾತು. ಇದನ್ನು ಭಾಷೆಯ ಜಗಳ ಅಂದುಕೊಂಡರೆ ಏನೂ ಅರ್ಥವಾಗುವುದಿಲ್ಲ. ಈಗ ನಮ್ಮೂರ ಚರ್ಚ್‌ಗಳಲ್ಲಿ ನಡೆಯುವ ಹೊಸ ಕ್ರಮದ ಪೂಜೆಯನ್ನೂ ಲ್ಯಾಟಿನ್‌ನಲ್ಲಿ ಮಾಡಬಹುದು. ಅದಕ್ಕೆ ಯಾರ ತಕರಾರೂ ಇಲ್ಲ. ತಕರಾರು ಇರುವುದು 1962ರ ಪೂಜಾಗ್ರಂಥದ, ಅಂದರೆ ಹಳೇ ಕ್ರಮದ ಬಗ್ಗೆ.

[ಪರದೆ ಮೇಲೆ: ಎಡಕ್ಕೆ ಹಳೇ ಕ್ರಮ, ಬಲಕ್ಕೆ ಹೊಸ ಕ್ರಮ]

ಹಳೇ ಕ್ರಮದಲ್ಲಿ ಪಾದ್ರಿ ಮತ್ತು ಜನ ಎಲ್ಲರೂ ಒಂದೇ ದಿಕ್ಕಿಗೆ, ಬಲಿಪೀಠದ ಕಡೆಗೆ ಮುಖ ಮಾಡಿರುತ್ತಾರೆ. ಪಾದ್ರಿ ಮೆಟ್ಟಿಲ ಕೆಳಗೆ ನಿಂತು ಮೊದಲು ತನ್ನ ಪಾಪ ಒಪ್ಪಿಕೊಂಡು, ಆಮೇಲೆ ಮೇಲೆ ಹತ್ತುತ್ತಾರೆ. ಪೂಜೆಯ ಮುಖ್ಯ ಪ್ರಾರ್ಥನೆ ಬಹುಮಟ್ಟಿಗೆ ಪಿಸುದನಿಯಲ್ಲಿ. ಗಂಟೆ ಬಾರಿಸಿದಾಗಲೇ ಹಿಂದಿನ ಸಾಲಿನವರಿಗೆ ಏನಾಗ್ತಿದೆ ಅಂತ ಗೊತ್ತಾಗುವುದು. ರೊಟ್ಟಿಯನ್ನು ಪವಿತ್ರೀಕರಿಸಿದ ಕ್ಷಣದಿಂದ ಕೈ ತೊಳೆಯುವವರೆಗೂ ಪಾದ್ರಿ ಹೆಬ್ಬೆರಳು, ತೋರುಬೆರಳು ಎರಡನ್ನೂ ಒತ್ತಿ ಹಿಡಿದಿರುತ್ತಾರೆ. ಪುಟ ತಿರುಗಿಸುವಾಗಲೂ ಅಷ್ಟೇ. ಒಂದು ಕಣವೂ ಉದುರಬಾರದು ಅಂತ. ಜನ ಮಂಡಿಯೂರಿ ನಾಲಗೆ ಮೇಲೆ ಪರಮಪ್ರಸಾದ, ಅಂದರೆ ಆ ರೊಟ್ಟಿ, ಪಡೆಯುತ್ತಾರೆ.

ಸಂಪ್ರದಾಯವಾದಿಗಳು ತೋರಿಸುವುದು ಇಂಥ ಸಣ್ಣಸಣ್ಣ ವಿಷಯಗಳನ್ನೇ. ನಂಬಿಕೆ ಬೆರಳ ತುದಿಯಲ್ಲಿದೆ, ಅದನ್ನು ಬಿಟ್ಟರೆ ನಂಬಿಕೆಯೂ ಸಡಿಲವಾಗುತ್ತೆ ಅನ್ನುವುದು ಅವರ ವಾದ. ಇದನ್ನು ಸುಮ್ನೆ ಹಳೇ ಕಾಲದ ಹಂಬಲ ಅಂತ ತಳ್ಳಿಹಾಕಲು ನನಗಂತೂ ಮನಸ್ಸಿಲ್ಲ. ಆದರೆ ಹೊಸ ಕ್ರಮದ ಪರವಾಗಿಯೂ ಗಟ್ಟಿ ಮಾತಿದೆ. ಹಳೇದರಲ್ಲಿ ಭಾನುವಾರದ ಪಾಠಗಳು ಒಂದೇ ವರ್ಷದ ಸುತ್ತು. ಹೊಸದರಲ್ಲಿ ಮೂರು ವರ್ಷದ ಸುತ್ತು. ಜನರ ಕಿವಿಗೆ ಬೈಬಲ್ ಎಷ್ಟೋ ಜಾಸ್ತಿ ಬೀಳುತ್ತದೆ, ಅದೂ ಅರ್ಥವಾಗುವ ಭಾಷೆಯಲ್ಲಿ.

[ಪರದೆ ಮೇಲೆ: 1570, 1963, 1969]

ಪೋಪ್ 5ನೇ ಪಿಯೂಸ್ 1570ರಲ್ಲಿ ರೋಮ್‌ನ ಪೂಜಾಕ್ರಮವನ್ನು ಎಲ್ಲೆಡೆಗೆ ನಿಗದಿ ಮಾಡಿದರು. ಅವರೂ ಒಂದು ವಿನಾಯಿತಿ ಕೊಟ್ಟಿದ್ದರು ಅನ್ನುವುದನ್ನು ಇವತ್ತು ಎರಡೂ ಕಡೆಯವರು ಮರೆಯುತ್ತಾರೆ: ಇನ್ನೂರು ವರ್ಷಕ್ಕಿಂತ ಹಳೆಯ ಸ್ಥಳೀಯ ಕ್ರಮಗಳು ಮುಂದುವರಿಯಬಹುದಿತ್ತು. ಜಗತ್ತಿನ ಕಥೋಲಿಕ ಬಿಷಪ್‌ಗಳೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೂಜೆಯ ಸುಧಾರಣೆಗೆ ಒಪ್ಪಿತು. ಪರವಾಗಿ 2,147 ಮತ, ವಿರುದ್ಧ ಬರೀ 4. ಆ ದಾಖಲೆಯಲ್ಲಿ ಜನರ ಭಾಷೆಗೆ ಜಾಗ ಕೊಡಿ ಅಂತಲೂ ಇದೆ, ಲ್ಯಾಟಿನ್ ಉಳಿಸಿ ಅಂತಲೂ ಇದೆ. 1969ರಲ್ಲಿ 6ನೇ ಪೌಲ್ ತಂದ ಹೊಸ ಪೂಜೆ ಬರುವಷ್ಟರಲ್ಲಿ ಎರಡನೇ ಮಾತು ಹೆಚ್ಚುಕಡಿಮೆ ಮೂಲೆಗೆ ಸೇರಿತ್ತು.

ಇಲ್ಲೊಂದು ಮಜಾ ಇದೆ. 1971ರಲ್ಲಿ ಇಂಗ್ಲೆಂಡಿನ ಕಲಾವಿದರು, ಲೇಖಕರು ಹಳೇ ಪೂಜೆ ಉಳಿಸಿ ಅಂತ ಪೋಪ್‌ಗೆ ಮನವಿ ಬರೆದರು. ದೊಡ್ಡ ಚರ್ಚ್‌ಗಳನ್ನು ಕೆಡವಿ ಅಂದರೆ ಸುಮ್ಮನಿರ್ತೀವಾ, ಇದೂ ಹಾಗೇ ಅನ್ನುವುದು ಅವರ ವಾದ. ಸಹಿ ಹಾಕಿದವರಲ್ಲಿ ಕಥೋಲಿಕರಲ್ಲದವರೂ ಇದ್ದರು, ಪತ್ತೇದಾರಿ ಕತೆಗಳ ಅಗಾಥಾ ಕ್ರಿಸ್ಟಿ ಕೂಡ. ಪೋಪ್ ಅನುಮತಿ ಕೊಟ್ಟರು. ಕ್ರಿಸ್ಟಿ ಹೆಸರು ನೋಡಿಯೇ ಕೊಟ್ಟರು ಅನ್ನುವುದು ದಂತಕತೆ ಇರಬೇಕು, ಆದರೂ ಆ ಅನುಮತಿಗೆ ಆಕೆಯ ಹೆಸರೇ ಅಂಟಿಕೊಂಡಿದೆ.

ಫ್ರಾನ್ಸ್‌ನ ಆರ್ಚ್‌ಬಿಷಪ್ ಮಾರ್ಸೆಲ್ ಲೆಫೆವ್ರ್ ಮಾತ್ರ ಮನವಿಗೆ ನಿಲ್ಲಲಿಲ್ಲ. 1970ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸಂತ 10ನೇ ಪಿಯೂಸ್ ಸಂಘ ಕಟ್ಟಿದರು. 1988ರ ಜೂನ್ 30ರಂದು ಪೋಪ್ ಬೇಡವೆಂದರೂ ನಾಲ್ವರಿಗೆ ಬಿಷಪ್ ದೀಕ್ಷೆ ಕೊಟ್ಟರು. ಬಹಿಷ್ಕಾರ ಬಿತ್ತು. ಅವರ ಜೊತೆಗಿದ್ದ ಕೆಲವು ಪಾದ್ರಿಗಳು ರೋಮ್ ಬಿಡಲು ಒಪ್ಪದೆ, ಅದೇ ವರ್ಷ ಸಂತ ಪೇತ್ರರ ಹೆಸರಿನಲ್ಲಿ ಬೇರೆ ಸಂಘ ಕಟ್ಟಿಕೊಂಡರು. ಹಾಗಾಗಿ ಸಂಪ್ರದಾಯವಾದಿಗಳು ಅಂದರೆ ಒಂದೇ ಗುಂಪಲ್ಲ.

2007ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಬಾಗಿಲು ತೆರೆದರು. ಹಳೇ ಪೂಜೆ ಎಂದೂ ರದ್ದಾಗಿರಲಿಲ್ಲ, ಯಾವ ಪಾದ್ರಿ ಬೇಕಾದರೂ ಮಾಡಬಹುದು ಅಂದರು. 2021ರ ಜುಲೈ 16ರಂದು ಪೋಪ್ ಫ್ರಾನ್ಸಿಸ್ ಆ ಬಾಗಿಲು ಮುಚ್ಚಿದರು. ಬಿಷಪ್ ಒಪ್ಪಿಗೆ ಬೇಕು. ಧರ್ಮಕೇಂದ್ರದ (ಪ್ಯಾರಿಷ್) ಚರ್ಚ್‌ಗಳಲ್ಲಿ ಬೇಡ. ಹೊಸದಾಗಿ ದೀಕ್ಷೆ ಪಡೆದವರ ವಿಷಯದಲ್ಲಿ ರೋಮ್ ಅನ್ನೇ ಕೇಳಬೇಕು. ಕಾರಣವನ್ನೂ ಬರೆದರು: ಕೊಟ್ಟ ರಿಯಾಯಿತಿಯನ್ನು ಮಹಾಸಭೆಯನ್ನೇ ತಿರಸ್ಕರಿಸಲು ಬಳಸುತ್ತಿದ್ದಾರೆ ಅಂತ.

ಫ್ರಾನ್ಸಿಸ್ ಹೇಳಿದ್ದು ಸುಳ್ಳಲ್ಲ, ಅಂಥವರು ಇದ್ದರು. ಆದರೆ ನನ್ನ ಪ್ರಕಾರ ಮದ್ದು ತಪ್ಪಾಯಿತು. ಮಕ್ಕಳನ್ನು ಕರೆದುಕೊಂಡು ತೆಪ್ಪಗೆ ಪೂಜೆಗೆ ಬರುತ್ತಿದ್ದ ಕುಟುಂಬಗಳಿಗೂ ಅದೇ ಏಟು ಬಿತ್ತು. ಉತ್ಸಾಹವೂ ತಗ್ಗಲಿಲ್ಲ. ಪ್ರತಿ ವರ್ಷ ಪ್ಯಾರಿಸ್‌ನಿಂದ ಶಾರ್ತ್ರ್‌ಗೆ ಮೂರು ದಿನ, ಸುಮಾರು ನೂರು ಕಿಲೋಮೀಟರ್ ನಡೆದುಕೊಂಡು ಹೋಗುವ ಹಳೇ ಪೂಜೆಯವರ ಯಾತ್ರೆಗೆ 2025ರಲ್ಲಿ 19,000 ಜನ ಹೆಸರು ಕೊಟ್ಟಿದ್ದರು. ಬಹುತೇಕರು ಹುಡುಗ ಹುಡುಗಿಯರು. ಅವರಪ್ಪ ಅಮ್ಮಂದಿರೂ ಹುಟ್ಟುವ ಮೊದಲೇ ಹೋದ ಪೂಜೆ ಅದು.

[ದೃಶ್ಯ: ವಾಷಿಂಗ್ಟನ್]

ಅಮೆರಿಕಕ್ಕೆ ಬಂದರೆ ರಾಜಕೀಯವೂ ಬೆರೆಯುತ್ತದೆ. 2019ರಲ್ಲಿ ಕಥೋಲಿಕರಾದ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ 2025ರ ಜನವರಿಯಲ್ಲಿ, ವಲಸಿಗರ ಚರ್ಚೆಯ ನಡುವೆ, ಪ್ರೀತಿಗೊಂದು ಕ್ರಮವಿದೆ, ಮೊದಲು ಮನೆಯವರು, ಆಮೇಲೆ ನೆರೆಯವರು, ದೇಶದವರು, ಕೊನೆಗೆ ಉಳಿದವರು ಅಂದರು. ಅದು ಹಳೇ ಕ್ರೈಸ್ತ ವಿಚಾರವೇ. ಮುಂದಿನ ತಿಂಗಳೇ ಫ್ರಾನ್ಸಿಸ್ ಅಲ್ಲಿನ ಬಿಷಪ್‌ಗಳಿಗೆ ಪತ್ರ ಬರೆದು, ದಾರಿಯಲ್ಲಿ ಬಿದ್ದಿದ್ದ ಅಪರಿಚಿತನಿಗೆ ನೆರವಾದ ಒಳ್ಳೆಯ ಸಮಾರಿಯನ ಬೈಬಲ್ ಕತೆ ನೆನಪಿಸಿದರು. ಪೋಪ್ ಮಾತು ಮೀರಬಾರದು ಅಂತ ಅಜ್ಜನ ಕಾಲದಿಂದ ಹೇಳಿಕೊಂಡು ಬಂದ ಸಂಪ್ರದಾಯವಾದಿಗಳು, ಈಗ ಪೋಪ್‌ಗೇ ಹಳೇ ಗ್ರಂಥ ತೋರಿಸುವ ಸ್ಥಿತಿ. ಅವರಿಗೂ ಇದು ಇರುಸುಮುರುಸೇ.

ಇನ್ನು ನಮ್ಮ ಕಡೆ. 1969ರ ಏಪ್ರಿಲ್‌ನಲ್ಲಿ ಹೊಸ ಪೂಜಾಕ್ರಮ ಘೋಷಣೆಯಾಯ್ತಲ್ವಾ, ಅದೇ ತಿಂಗಳ 25ರಂದು ರೋಮ್ ಭಾರತಕ್ಕೆ ಹನ್ನೆರಡು ಮಾರ್ಪಾಡುಗಳನ್ನು ಒಪ್ಪಿತು. ನೆಲದ ಮೇಲೆ ಕೂರುವುದು, ಮಂಡಿಯೂರುವ ಬದಲು ಕೈಮುಗಿಯುವುದು, ಆರತಿ, ಎಣ್ಣೆದೀಪ, ಪಾದ್ರಿಗೆ ಅಂಗವಸ್ತ್ರ. ಬೆಂಗಳೂರಿನಲ್ಲಿ ಫಾದರ್ ಡಿ.ಎಸ್. ಅಮಲೋರ್‌ಪವದಾಸ್ ಕಟ್ಟಿದ ಕೇಂದ್ರ ಇದರ ಪ್ರಯೋಗಶಾಲೆ. ಸಂಪ್ರದಾಯವಾದಿಗಳಿಗೆ ಆರತಿ ಅವತ್ತೂ ನುಂಗಲಾರದ ತುತ್ತು, ಇವತ್ತೂ ಅಷ್ಟೇ.

ಬೆಂಗಳೂರಿಗೆ ಇನ್ನೊಂದು ತಲೆನೋವು ಬಂತು. ಲ್ಯಾಟಿನ್ ಯಾರ ಮನೆಮಾತೂ ಅಲ್ಲ, ಹಾಗಾಗಿ ಅದಿದ್ದಾಗ ಪೂಜೆಯಲ್ಲಿ ಭಾಷೆಯ ಜಗಳವೇ ಇರಲಿಲ್ಲ. ಅದು ಹೋದ ಮೇಲೆ ಕನ್ನಡವೋ, ತಮಿಳೋ, ಕೊಂಕಣಿಯೋ ಅಂತ ದಶಕಗಟ್ಟಲೆ ಹಗ್ಗಜಗ್ಗಾಟ. ಲ್ಯಾಟಿನ್ ಪರ ವಾದಿಸುವವರು ಇದನ್ನೂ ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ. ಕನ್ನಡದಲ್ಲಿ ಜಪ ಹೇಳಲು ಹೋರಾಡಿದವರ ಮುಂದೆ ಆ ವಾದ ನಡೆಯಲ್ಲ ಬಿಡಿ.

[ಪರದೆ ಮೇಲೆ: 1988ರ ನಾಲ್ವರು ಬಿಷಪ್‌ಗಳ ಚಿತ್ರ]

ಲಿಯೋ ಈಗ ಎದುರಿಸಬೇಕಾಗಿರುವುದು ಈ ಚಿತ್ರವನ್ನು. ಅಂದು ಲೆಫೆವ್ರ್ ಅವರಿಂದ ದೀಕ್ಷೆ ಪಡೆದ ನಾಲ್ವರಲ್ಲಿ ಒಬ್ಬರು 2024ರಲ್ಲಿ ತೀರಿಕೊಂಡರು, ಅವರ ಪಿಯೂಸ್ ಸಂಘದಿಂದ ಮೊದಲೇ ಹೊರಬಿದ್ದಿದ್ದ ಇನ್ನೊಬ್ಬರು 2025ರಲ್ಲಿ. ಉಳಿದವರು ಇಬ್ಬರು, ಇಬ್ಬರಿಗೂ ವಯಸ್ಸಾಗಿದೆ. ಬಿಷಪ್ ಇಲ್ಲದೆ ಹೊಸ ಪಾದ್ರಿಗಳಿಗೆ ದೀಕ್ಷೆ ಇಲ್ಲ. ಸಂಘಕ್ಕೆ ಹೊಸ ಬಿಷಪ್‌ಗಳು ಬೇಕೇ ಬೇಕು. ಪೋಪ್ ಒಪ್ಪಿಗೆ ಇಲ್ಲದೆ ಮಾಡಿಕೊಂಡರೆ ಕಾನೂನಿನ ಪ್ರಕಾರ ಮತ್ತೆ ಬಹಿಷ್ಕಾರ. ಒಪ್ಪಿಗೆ ಕೊಟ್ಟರೆ, ಮಹಾಸಭೆಯನ್ನು ಪೂರ್ತಿ ಒಪ್ಪದವರಿಗೆ ಯಾಕೆ ಕೊಟ್ಟಿರಿ ಅಂತ ಇನ್ನೊಂದು ಕಡೆಯವರು ಕೇಳುತ್ತಾರೆ.