ಕಾಲು ಹೆಚ್ಚಿರುವಾಗ ತಲೆ ಯಾಕೆ?

ನಮಸ್ಕಾರ. ಕೋಲಾರದಿಂದ ಮತ್ತೆ ನಾನೇ. ಹೋದ ವಾರ ಜರಿಯಂತೆ, ಅಂದರೆ ಮೈಯುದ್ದಕ್ಕೂ ಕಾಲಿರುವ ಶತಪದಿ ಹುಳದಂತೆ, ನಡೆಯುವ ರೋಬೋಟ್‌ಗಳ ಬಗ್ಗೆ ಮಾತನಾಡಿದ್ದೆ. ಅದರ ಕೆಳಗೆ ಒಬ್ಬ ಮಹನೀಯರು ಬರೆದಿದ್ದಾರೆ: “ಎರಡು ಕಾಲಿನ ರೋಬೋಟ್ ಕುಣಿಯುವ ಕಾಲದಲ್ಲಿ ಹುಳ ಹಿಡಿದುಕೊಂಡು ಕೂತಿದ್ದೀರಲ್ಲ ಸಾರ್!” ಮೆಚ್ಚಿದವರು ನಲವತ್ತು ಜನ. ಅವರಲ್ಲಿ ಒಬ್ಬ ನನ್ನ ಭಾವಮೈದುನ.

ಕುಣಿಯಲಿ ಸ್ವಾಮಿ. ಆದರೆ ಎಲ್ಲಿ ಕುಣಿಯುತ್ತದೆ? ಸಪಾಟು ನೆಲದ ಮೇಲೆ. ನಮ್ಮ ಅಂತರಗಂಗೆ ಬೆಟ್ಟಕ್ಕೆ ಕರೆದುಕೊಂಡು ಬನ್ನಿ. ಬಸವನ ಬಾಯಿಂದ ನೀರು ಬೀಳುವ ಜಾಗದವರೆಗೆ ಮೆಟ್ಟಿಲಿದೆ. ಅಲ್ಲಿಂದಾಚೆ ಗುಹೆಗಳ ಕಡೆ ಗುಂಡುಕಲ್ಲಿನ ಮೇಲೆ ಗುಂಡುಕಲ್ಲು, ನಡುವೆ ಸಂದು. ಎರಡು ಕಾಲಿನ ನಾನೇ ಅಲ್ಲಿ ಕೂತು ಕೂತು ಇಳಿಯುತ್ತೇನೆ.

ನಾನು ಹೇಳುವುದು ಒಂದೇ: ಕಾಲು ಹೆಚ್ಚಿದ್ದರೆ ತಲೆ ಕಡಿಮೆ ಸಾಕು.

ಮೊನ್ನೆ ಮಳೆ ನಿಂತ ಮೇಲೆ ನಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಜರಿಯೊಂದು ಬಂತು. ಕಲ್ಲು ಬಿರುಕು ಬಿಟ್ಟಿದೆ, ಬೆರಳು ತೂರುವಷ್ಟು. ಮುಂದಿನ ಎರಡು ಮೂರು ಕಾಲುಗಳು ಬಿರುಕಿನಲ್ಲಿ ಗಾಳಿಯನ್ನು ತುಳಿದವು. ಅದು ನಿಂತು ಯೋಚಿಸಲಿಲ್ಲ. ಹಿಂದಿನ ಕಾಲುಗಳು ನೂಕಿದವು, ಆಚೆಯ ಅಂಚು ಸಿಕ್ಕ ಕಾಲುಗಳು ಎಳೆದವು. ನನ್ನ ಹೆಂಡತಿ ಪೊರಕೆ ತರುವಷ್ಟರಲ್ಲಿ ಜರಿ ದಾಟಿತ್ತು.

ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಡೇನಿಯಲ್ ಗೋಲ್ಡ್‌ಮನ್ ಅವರ ತಂಡ ತೋರಿಸಿದ್ದೂ ಇದನ್ನೇ. 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ರೋಬೋಟ್‌ನ ಕಾಲುಗಳನ್ನು ಆರರಿಂದ ಹದಿನಾರರವರೆಗೆ ಹೆಚ್ಚಿಸುತ್ತ ಹೋದರು. ನೆಲವನ್ನು ನೋಡುವ ಸಂವೇದಕವೇ ಇಲ್ಲದೆ ಯಂತ್ರ ಹಳ್ಳದಿಣ್ಣೆ ದಾಟಿತು. ಲೆಕ್ಕ ತಂದದ್ದು ಎಲ್ಲಿಂದ? ಕ್ಲಾಡ್ ಶಾನನ್ 1948ರಲ್ಲಿ ಕಟ್ಟಿದ ಮಾಹಿತಿ ಸಿದ್ಧಾಂತದಿಂದ, ಅಂದರೆ ಗದ್ದಲದ ನಡುವೆಯೂ ಸಂದೇಶ ತಪ್ಪದೆ ತಲುಪಿಸುವ ಲೆಕ್ಕದಿಂದ. ನಮ್ಮ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ “ಬಂಗಾರಪೇಟೆ, ಬಂಗಾರಪೇಟೆ, ಬಂಗಾರಪೇಟೆ” ಎಂದು ಕೂಗುತ್ತಾನಲ್ಲ, ಹಾರ್ನ್ ಸದ್ದಿನಲ್ಲಿ ಎರಡು ಸಲ ಕೇಳಿಸದಿದ್ದರೂ ಮೂರನೆಯದು ಕೇಳಿಸಲಿ ಎಂದು? ಜರಿಯ ಒಂದೊಂದು ಕಾಲೂ ಒಂದೊಂದು “ಬಂಗಾರಪೇಟೆ”. ನಾನು ಹೇಳಿದ್ದನ್ನೇ ಹೇಳುತ್ತೇನೆ ಎಂದು ಬೈಯುವವರು ಶಾನನ್ ಅವರನ್ನು ಓದಿಕೊಳ್ಳಬೇಕು.

ಮೈಯೂ ಬಳುಕಬೇಕು, ಇಲ್ಲದಿದ್ದರೆ ಕಲ್ಲಿನ ಮೇಲೆ ತೊಲೆ ಇಟ್ಟಂತೆ. ಜಪಾನಿನ ಒಸಾಕಾ ವಿಶ್ವವಿದ್ಯಾಲಯದವರು ಹನ್ನೆರಡು ಕಾಲಿನ ಯಂತ್ರದ ಕೀಲುಗಳನ್ನು ಬೇಕೆಂದಾಗ ಸಡಿಲ ಮಾಡಿದರು. ಸಡಿಲವಾದೊಡನೆ ನೇರ ನಡಿಗೆ ಕೆಟ್ಟು ಮೈ ವಂಕಿಯಾಗುತ್ತದೆ. ಅವರು ಆ ಕೆಡುಕನ್ನೇ ತಿರುಗುವುದಕ್ಕೆ ಬಳಸಿಕೊಂಡರು!

ಇಲ್ಲೊಂದು ಪುಟ್ಟ ವಿರಾಮ. ನಮ್ಮ ಮನೆಯ ಟೊಮೆಟೊ ತೊಕ್ಕು ಮತ್ತೆ ಸಿದ್ಧವಾಗಿದೆ, ಕೋಲಾರದ್ದೇ ಹಣ್ಣು. ಬೇಕಾದವರು ಸಂದೇಶ ಕಳಿಸಿ. ಭಾವಮೈದುನನಿಗೆ ಇಲ್ಲ.

“ಕಾಲು ಹೆಚ್ಚಾದರೆ ಮೋಟಾರು ಹೆಚ್ಚು, ಖರ್ಚು ಹೆಚ್ಚು” ಎಂದು ಇನ್ನೊಬ್ಬರು. ತೇರಿನ ಹಗ್ಗಕ್ಕೂ ಇಬ್ಬರೇ ಸಾಕು ಎನ್ನುತ್ತೀರೋ? ನೂರು ಜನ ಎಳೆಯುವಾಗ ಒಬ್ಬ ಕೈಬಿಟ್ಟು ಬಾಳೆಹಣ್ಣು ಎಸೆದರೂ ತೇರು ನಿಲ್ಲುವುದಿಲ್ಲ. ಜರಿ ರೋಬೋಟ್ ನಿಧಾನವಂತೆ. ತೇರೂ ನಿಧಾನವೇ!

ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಅಂಥ ಸುರಂಗ ಕುಸಿದು ಕಲ್ಲು ಹರಡಿ ಬಿದ್ದಿದ್ದರೆ ಒಳಗೆ ಯಾರನ್ನು ಕಳಿಸುತ್ತೀರಿ, ನಿಮ್ಮ ನರ್ತಕನನ್ನೇ? ಒಂದು ಕಾಲು ಸಿಕ್ಕಿಕೊಂಡರೆ ಉಳಿಯುವುದು ಇನ್ನೊಂದೇ. ಹದಿನಾರರಲ್ಲಿ ಒಂದು ಹೋದರೆ? ಹದಿನೈದು! ಇದಕ್ಕಿಂತ ಹೇಗೆ ಬಿಡಿಸಿ ಹೇಳಲಿ? ಹದಿನೈದು, ಸ್ವಾಮಿ, ಹದಿನೈದು!

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಕೇಳಿದವರಿಗೆ ಇವತ್ತು ಉತ್ತರ ಇಲ್ಲ, ನನಗೆ ಗಂಟಲು ಕಟ್ಟಿದೆ. ಮೊದಲಿನ ಮಹನೀಯರೇ, ಭಾನುವಾರ ಬೆಳಗ್ಗೆ ಏಳಕ್ಕೆ ಅಂತರಗಂಗೆ ಮೆಟ್ಟಿಲ ಬುಡಕ್ಕೆ ಬನ್ನಿ. ಎರಡೇ ಕಾಲು ತನ್ನಿ, ಕೈ ಊರಬಾರದು.